ಮಾನಸಗಂಗೋತ್ರಿ

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣ. ವಿಶ್ವವಿದ್ಯಾನಿಲಯವನ್ನು 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಸ್ನಾತಕೋತ್ತರ ವಿಭಾಗಗಳನ್ನು ಒಂದೆಡೆ ತರುವ ಈ ಆವರಣ 1960ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ ರೂಪುಗೊಂಡಿತು. ಹೆಸರಿಟ್ಟವರೂ ಅವರೇ.

ಇಲ್ಲಿನ ವಿದ್ಯಾರ್ಥಿ ಜೀವನದ ಅರ್ಧಭಾಗ ತರಗತಿಯ ಹೊರಗಿದೆ. ಹಳ್ಳಿಗಾಡಿನಿಂದ, ಎಷ್ಟೋ ಬಾರಿ ಮನೆಯ ಮೊದಲ ಪದವೀಧರರಾಗಿ ಬಂದವರಿಗೆ ಹಾಸ್ಟೆಲ್ಲೇ ಎರಡನೆಯ ಶಾಲೆ: ಊಟದ ಸಾಲಿನಲ್ಲಿ ಶುರುವಾದ ಜಾತಿ, ರಾಜಕಾರಣ, ಸಾಹಿತ್ಯದ ಜಗಳ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿಯವರೆಗೂ ನಡೆಯುತ್ತದೆ. ದಸರೆಗೆ ಮುನ್ನ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ; ನಾನಾ ಕಾಲೇಜುಗಳ ತಂಡಗಳು ಕುಣಿಯುತ್ತವೆ, ಜಾಗ ಸಿಗದವರು ನಿಂತೇ ನೋಡುತ್ತಾರೆ. ಪರೀಕ್ಷೆ ಹತ್ತಿರವಾದಾಗ ಗ್ರಂಥಾಲಯದಲ್ಲಿ ಕುರ್ಚಿ ಹಿಡಿಯುವುದೇ ಸಾಹಸ. ಅಲ್ಲಿ ಓದುವವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಆಕಾಂಕ್ಷಿಗಳೂ ಬಹಳ.

ಬೋಧನೆಯ ಗುಣಮಟ್ಟದ ಬಗ್ಗೆ ಏಕಾಭಿಪ್ರಾಯವಿಲ್ಲ. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ತತ್ವಶಾಸ್ತ್ರ ಕಲಿಸಿದ ವಿಶ್ವವಿದ್ಯಾನಿಲಯವಿದು. ಕನ್ನಡ ಅಧ್ಯಯನ ಸಂಸ್ಥೆ, ಜಾನಪದ ವಸ್ತುಸಂಗ್ರಹಾಲಯ, ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಅಗ್ಗದ ಪುಸ್ತಕಗಳು ಈಗಲೂ ಅದರ ನಿಜವಾದ ಆಸ್ತಿ. ಆದರೆ ನಾಡಿನ ಇತರ ಸರ್ಕಾರಿ ವಿಶ್ವವಿದ್ಯಾನಿಲಯಗಳಂತೆ ಇಲ್ಲಿಯೂ ಕಾಯಂ ಹುದ್ದೆಗಳು ಖಾಲಿ ಬಿದ್ದಿವೆ. ಪಾಠದ ಹೊರೆ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿದೆ. ಸಂಶೋಧನೆಗೆ ಮಾರ್ಗದರ್ಶಕರ ಕೊರತೆ ಇದರ ನೇರ ಫಲ. ಪರಂಪರೆಯ ಹೆಮ್ಮೆ ಈ ಕೊರತೆಯನ್ನು ತುಂಬಲಾರದು, ನೇಮಕಾತಿಯೊಂದೇ ತುಂಬಬಲ್ಲದು.