ಬೋಳಿಮಗ ಅಂದ್ರೆ ಯಾರ ಮಗ?



ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ. ಬೈಗುಳಗಳನ್ನ ಇದ್ದಂಗೇ ಬರೆದಿದ್ದೀನಿ, ಅದಕ್ಕೆ ಮೊದಲೇ ಕ್ಷಮೆ ಇರಲಿ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಓಣಿಯವರೆಲ್ಲ ಸ್ಮಶಾನದ ಜಾಗಕ್ಕಾಗಿ ಚಿತ್ತಾಪುರದಲ್ಲಿ ಧರಣಿ ಕುಂತಿದ್ವಿ. ಮೂರನೇ ದಿನ. ನೆತ್ತಿ ಸುಡೋ ಬಿಸಿಲು. ಒಬ್ಬರೂ ಬಂದು ಮಾತಾಡಿಸಲಿಲ್ಲ. ಸಿಟ್ಟು ತಡೀಲಾರದೆ ನಾನು ಮೈಕಿನಲ್ಲೇ "ಬೋಳಿಮಗ" ಅಂದುಬಿಟ್ಟೆ. ಹುಡುಗರು ಸೀಟಿ ಹೊಡೆದ್ರು, ಚಪ್ಪಾಳೆ ತಟ್ಟಿದ್ರು. ನನಗೂ ಖುಷಿ ಆಯ್ತು.

ರಾತ್ರಿ ಮನೆಗೆ ಬಂದಾಗ ಅವ್ವ ರೊಟ್ಟಿ ಮುಂದಿಟ್ಟು ಒಂದೇ ಮಾತು ಕೇಳಿದಳು: "ಗಂಡ ಸತ್ತಾಕಿಗೇ ಬೋಳಿ ಅಂತಾರಲ್ಲೋ ಯಪ್ಪಾ? ಹಂಗಾದ್ರ ನೀನು ಯಾರ ಮಗ?"

ನನ್ನಪ್ಪ ಪರ್ಸಿ ಕಲ್ಲಿನ ಖಣಿಯಲ್ಲಿ ದುಡೀತಿದ್ದ. ನನಗೆ ನಾಲ್ಕು ವರ್ಷ ಇದ್ದಾಗ ಸತ್ತ. ಆ ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ.

ಅವತ್ತಿನಿಂದ ಈ ಪದಗಳ ಬೆನ್ನು ಹತ್ತಿದೆ. ನಾವು ದಿನಾ ಉಗುಳೋ ಮೂರು ಪದ ತಗೊಳ್ರಿ. ಬೋಳಿ, ಅಂದ್ರೆ ತಲೆ ಬೋಳಾದವಳು. ಮುಂಡೆ, ಇದು ಸಂಸ್ಕೃತದ 'ಮುಂಡ'ದಿಂದ ಬಂದದ್ದು. ಮುಂಡನ ಮಾಡಿಸೋದು ಅಂತೀವಲ್ಲ, ಅದೇ. 1894ರ ಕಿಟೆಲ್ ನಿಘಂಟು ತೆಗೆದ್ರೂ ತಲೆ ಬೋಳಿಸಿದವಳು, ವಿಧವೆ ಅಂತಲೇ ಇದೆ. ರಂಡೆ, ಸಂಸ್ಕೃತದ 'ರಂಡಾ', ಅದೂ ವಿಧವೆಯೇ. ಮರಾಠಿಯ 'ರಾಂಡ್' ಕೂಡ ಅದೇ. ಉರ್ದು, ಮರಾಠಿ, ತೆಲುಗು ಎಲ್ಲಾ ಬೆರೆತ ನಮ್ಮ ಭಾಗದಲ್ಲಿ 'ರಂಡಿ' ಅಂದ್ರೆ ಮೈ ಮಾರೋಳು ಅನ್ನೋ ಅರ್ಥವೇ ಗಟ್ಟಿಯಾಗಿದೆ.

ಮೂರೂ ಪದದ ಬುಡದಲ್ಲಿ ಇರೋಳು ಒಬ್ಬಳೇ: ಗಂಡ ಸತ್ತವಳು. ಅವಳು ಮಾಡಿದ ತಪ್ಪೇನು? ಗಂಡನಿಗಿಂತ ಹೆಚ್ಚು ದಿನ ಬದುಕಿದ್ದು! ಕಾವಲಿಗೆ ಗಂಡಸು ಇಲ್ಲ ಅಂದಮೇಲೆ ಅವಳ ನಡತೆ ಮೇಲೆ ಅನುಮಾನ, ಅವಳ ಹೊಟ್ಟೇಲಿ ಹುಟ್ಟಿದ್ದರ ಮೇಲೂ ಅನುಮಾನ. 'ಬೋಳಿಮಗ' ಅನ್ನೋದರ ವಿಷ ಇರೋದು ಅಲ್ಲೇ.

ಈಗ ತಲೆ ಬೋಳಿಸಿದ್ದು ಯಾರು ಅಂತ ಕೇಳೋಣ. ಕೇಶಮುಂಡನ ಮುಖ್ಯವಾಗಿ ಬ್ರಾಹ್ಮಣರ ಮನೆಗಳ ಪದ್ಧತಿ. ಎಷ್ಟೋ ಎಳೆ ಹುಡುಗಿಯರನ್ನ ಹಂಗೇ ಬೋಳಿಸಿ ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದ್ರು. ನಮ್ಮ ಕೇರಿಗಳಲ್ಲಿ ಉಡಿಕೆ ಇತ್ತು. ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಸೀರೆ ಉಟ್ಟು ಮತ್ತೆ ಸಂಸಾರ ಮಾಡಬಹುದಿತ್ತು. ಹಂಗಂತ ನಾವೇನು ಸಾಚಾ ಅಲ್ಲ. ಉಡಿಕೆ ಆದವಳನ್ನ ಮದುವೆ ಚಪ್ಪರದಲ್ಲಿ ಹಿಂದೆ ನಿಲ್ಲಿಸಿದ್ದು ನಾವೇ. ಬಳೆ ಒಡೆದದ್ದೂ ನಾವೇ.

ಬಾಬಾಸಾಹೇಬರು ಇದರ ಗುಟ್ಟನ್ನ 1916ರಲ್ಲೇ ಬಿಚ್ಚಿಟ್ಟಿದ್ದಾರೆ. ಆಗ ಅವರಿಗೆ ಇಪ್ಪತ್ತೈದು ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ 'ಭಾರತದಲ್ಲಿ ಜಾತಿಗಳು' ಪ್ರಬಂಧದಲ್ಲಿ ಅವರು ಹೇಳೋದು ಇಷ್ಟು: ಜಾತಿ ಉಳಿಯೋದು ಜಾತಿಯೊಳಗಿನ ಮದುವೆಯಿಂದ. ಗಂಡ ಸತ್ತ ಹೆಣ್ಣು ಆ ಲೆಕ್ಕದಲ್ಲಿ 'ಹೆಚ್ಚುವರಿ'. ಅವಳು ಜಾತಿ ದಾಟಿ ಮದುವೆ ಆಗಬಹುದು, ಇಲ್ಲಾ ಒಳಗಿನ ಕನ್ಯೆಯ ಪಾಲಿನ ಗಂಡನ್ನ ತಗೊಳ್ಳಬಹುದು. ಅದಕ್ಕೆ ಒಂದೋ ಅವಳನ್ನ ಸುಡು, ಇಲ್ಲಾ ಯಾರೂ ಕಣ್ಣೆತ್ತಿ ನೋಡದಂಗೆ ಮಾಡಿ ಜೀವಮಾನವಿಡೀ ವಿಧವೆಯಾಗೇ ಇಡು. ಕತ್ತಿ ಆಡಿದ್ದು ಅವಳ ತಲೆ ಮೇಲೆ, ಕಾಪಾಡಿದ್ದು ಜಾತಿಯನ್ನ.

ಹಂಗಾದ್ರೆ ಜಾತಿ ವಿರುದ್ಧ ಧರಣಿ ಕುಂತ ನಾನು ಮೈಕಿನಲ್ಲಿ ಬಳಸಿದ್ದು ಯಾರ ಆಯುಧ?

ಫುಲೆ ದಂಪತಿಗಳನ್ನ ನೆನೀರಿ. 1863ರಲ್ಲಿ ಪುಣೆಯಲ್ಲಿ ಬಸುರಿ ವಿಧವೆಯರಿಗೆ ಬಾಣಂತನದ ಆಸರೆ ಮನೆ ತೆರೆದರು. ಬಂದವರಲ್ಲಿ ಬ್ರಾಹ್ಮಣ ವಿಧವೆಯರೇ ಹೆಚ್ಚು. ಅಂಥ ಒಬ್ಬಳು ಹೆತ್ತ ಕೂಸನ್ನೇ ದತ್ತು ತಗೊಂಡು ಯಶವಂತ ಅಂತ ಹೆಸರಿಟ್ಟರು. ಲೋಕದ ಬಾಯಲ್ಲಿ ಅವನು 'ಬೋಳಿಮಗ'. ಮುಂದೆ ಅವನೇ ಡಾಕ್ಟರ್ ಆದ. 1897ರ ಪ್ಲೇಗಿನಲ್ಲಿ ತಾಯಿ ಮಗ ಸೇರಿ ರೋಗಿಗಳ ಸೇವೆ ಮಾಡಿದ್ರು. ಅದೇ ಪ್ಲೇಗಿಗೆ ಸಾವಿತ್ರಿಬಾಯಿ ತೀರಿಕೊಂಡರು.

ಇನ್ನೊಂದು ಮಾತು. ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ದಂಡೆಯ ಸನ್ನತಿ ಪಕ್ಕ ಕನಗನಹಳ್ಳಿ ಸ್ತೂಪ ಇದೆ. ಅಲ್ಲಿನ ಬ್ರಾಹ್ಮಿ ಶಾಸನಗಳಲ್ಲಿ ದಾನ ಕೊಟ್ಟವರ ಸಾಲಿನಲ್ಲಿ ಭಿಕ್ಖುಣಿಯರೂ ಇದ್ದಾರೆ. ಅವರೂ ತಲೆ ಬೋಳಿಸಿದವರೇ. ಆದರೆ ಅವರ ಹೆಸರನ್ನ ಕಲ್ಲಿನಲ್ಲಿ ಕೆತ್ತಿದ್ರು, ಬೈಗುಳ ಮಾಡಲಿಲ್ಲ. ಬೋಳು ತಲೆ ಒಂದೇ. ತಾನಾಗಿ ಬೋಳಿಸಿಕೊಂಡವಳಿಗೂ, ಹಿಡಿದು ಬೋಳಿಸಿದವಳಿಗೂ ಎಷ್ಟು ಅಂತರ ನೋಡ್ರಿ.

ನಾಲ್ಕನೇ ದಿನ ಮೈಕು ಹಿಡಿದಾಗ ಮೊದಲು ಮುಂದೆ ಕುಂತ ತಾಯಂದಿರ ಕ್ಷಮೆ ಕೇಳಿದೆ. ಅವ್ವ ತಲೆ ಮೇಲೆ ಸೆರಗು ಎಳ್ಕೊಂಡು ಸುಮ್ನೆ ಕುಂತಿದ್ಲು. ಈ ಸಲ ಹುಡುಗರು ಚಪ್ಪಾಳೆ ಹೊಡೀಲಿಲ್ಲ.

ತಮ್ಮಂದಿರಾ, ಸಿಟ್ಟು ಬಿಡಬ್ಯಾಡ್ರಿ, ಅದು ನಮಗೆ ಬೇಕು. ಬೈಯೋದಿದ್ರೆ ಬೈರಿ, ಲಂಚಕೋರ ಅನ್ರಿ, ಕಳ್ಳ ಅನ್ರಿ, ಜಾತಿವಾದಿ ಅನ್ರಿ. ಅವನು ಮಾಡಿದ್ದಕ್ಕೆ ಅವನನ್ನೇ ಬೈರಿ. ಅವನವ್ವನ್ನ ಬಿಡ್ರಿ. ಅವಳ ತಲೆ ಬೋಳಿಸಿದವರೂ, ನಮಗೆ ಸುಡಾಕ ಜಾಗ ಕೊಡದವರೂ ಬೇರೆ ಬೇರೆ ಅಲ್ಲ.

ಜೈಭೀಮ್. ಜೈ ಸಾವಿತ್ರಿ.