ನಕ್ಷೆ ಉಳಿದರೆ ನೆಲ ಉಳಿದೀತು
ಮುಳಬಾಗಿಲು ತಾಲ್ಲೂಕಿನ ನಮ್ಮ ನಂಗಲಿಯನ್ನು ಹೊಯ್ಸಳ ಶಾಸನಗಳು ರಾಜ್ಯದ ಮೂಡಣ ಗಡಿ ಎನ್ನುತ್ತವೆ. ಕಲ್ಲಿನ ಆ ಬರಹ ಇಂದಿಗೂ ಓದಲು ಬರುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನರು ಶಹೀದರಾದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆದು ಕಾಗದಕ್ಕಿಳಿಸಿದನು. 2020ರ ಸ್ವಾಮಿತ್ವ ಯೋಜನೆಯಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ, ಭಾರತೀಯ ಸರ್ವೇಕ್ಷಣಾ ಇಲಾಖೆ ಹಾಗೂ ರಾಜ್ಯಗಳು ಕೈಜೋಡಿಸಿ ಡ್ರೋನ್‌ನಿಂದ ಹಳ್ಳಿಗಳ ನಕ್ಷೆ ತೆಗೆಯತೊಡಗಿದವು.

ಆದರೆ ಕಂಪ್ಯೂಟರಿನ ನಕ್ಷೆ ಕಲ್ಲಿನಂತೆ ತಾನಾಗಿ ಉಳಿಯದು. ತಂತ್ರಾಂಶ ಹಳತಾದರೆ ಕಡತ ತೆರೆಯದು. ಹೊಸ ನಕ್ಷೆ ಹಳೆಯದನ್ನು ಅಳಿಸಿದರೆ ಚಕ್ಕುಬಂದಿಯ ಸಾಕ್ಷ್ಯವೇ ಹೋಯಿತು. ಇದನ್ನರಿತ ಅಮೆರಿಕದ ಉತ್ತರ ಕೆರೊಲಿನಾ, ಕೆಂಟಕಿ, ಯೂಟಾ ರಾಜ್ಯಗಳು 2007ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ನೆರವಿನಿಂದ ನಕ್ಷೆಗಳ ಸಂರಕ್ಷಣೆಗೆ ಒಂದಾದವು.

ವಿದ್ಯಾರ್ಥಿಗಳೇ, ನಿಮ್ಮೂರಿನ ಈದ್ಗಾ, ಖಬರಸ್ತಾನ, ಶಾಲೆಯ ನಕ್ಷೆಗಳ ದೃಢೀಕೃತ ಪ್ರತಿ ಪಡೆದು ಜೋಪಾನ ಮಾಡಿ. ಹಿರಿಯರು ಬಿಟ್ಟುಹೋದ ನೆಲ ನಮ್ಮ ಕೈಯಲ್ಲಿರುವ ಅಮಾನತ್ತು.