ಗ್ರೇಟ್ ಕಾಕ್ಸ್‌ವೆಲ್‌ನ ಏಳಂಕಣದ ಕಣಜ

ಇಂಗ್ಲೆಂಡಿನ ಫ್ಯಾರಿಂಗ್‌ಡನ್ ಪೇಟೆಗೆ ಹತ್ತಿರದಲ್ಲೇ ಇರುವ ಗ್ರೇಟ್ ಕಾಕ್ಸ್‌ವೆಲ್ ಸಣ್ಣ ಹಳ್ಳಿ. 1974ರವರೆಗೆ ಬರ್ಕ್‌ಷೈರಿನಲ್ಲಿತ್ತು, ಈಗ ಆಕ್ಸ್‌ಫರ್ಡ್‌ಷೈರಿಗೆ ಸೇರಿದೆ. ಸಂತ ಗೈಲ್ಸ್‌ನ ಹೆಸರಿನ ಹಳೆಯ ಚರ್ಚೊಂದು ಇಲ್ಲಿದೆ. ಆದರೆ ಹೊರಗಿನವರು ಹುಡುಕಿಕೊಂಡು ಬರುವುದು ದೇವರ ಮನೆಯನ್ನಲ್ಲ, ಕಾಳಿನ ಮನೆಯನ್ನು. ಸುಮಾರು 152 ಅಡಿ ಉದ್ದ, 44 ಅಡಿ ಅಗಲ, 48 ಅಡಿ ಎತ್ತರದ ಕಣಜ ಅದು.

ಜಾನ್ ದೊರೆ 1203ರಲ್ಲಿ ಫ್ಯಾರಿಂಗ್‌ಡನ್ ಸೀಮೆಯನ್ನು ಸಿಸ್ಟರ್ಷಿಯನ್ ಸಂನ್ಯಾಸಿಗಳಿಗೆ ದತ್ತಿ ಬಿಟ್ಟ. ಮರುವರ್ಷ ಅವರ ಮಠ ದಕ್ಷಿಣದ ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿ ನೆಲೆಯೂರಿತು; ಕಾಕ್ಸ್‌ವೆಲ್ ಅದರ ದೂರದ ಬೇಸಾಯದ ಠಾಣ್ಯವಾಯಿತು. ಇದನ್ನು ದಶಮಾಂಶದ ಕಣಜ ಎಂದು ಕರೆಯುವವರಿದ್ದಾರೆ. ಅದು ಸರಿಯಲ್ಲ. ರೈತರಿಂದ ಚರ್ಚು ಎತ್ತುತ್ತಿದ್ದ ಹತ್ತರಲ್ಲೊಂದು ಪಾಲಲ್ಲ, ಮಠದ ಸ್ವಂತ ಹೊಲದ ಬೆಳೆಯೇ ಇಲ್ಲಿ ತುಂಬುತ್ತಿತ್ತು. ತೊಲೆಗಳ ವರ್ಷಬಳೆಗಳನ್ನು ಎಣಿಸಿದ ತಜ್ಞರು ಮರ ಕಡಿದದ್ದು 1290ರ ದಶಕದ ಆರಂಭದಲ್ಲಿ ಎಂದಿದ್ದಾರೆ.

ಹೊರಗಿನಿಂದ ನೋಡಿದವರಿಗೆ ಇದು ಕಲ್ಲಿನ ಕಟ್ಟಡ. ಕಾಟ್ಸ್‌ವೋಲ್ಡ್ ಕಲ್ಲಿನ ದಪ್ಪ ಗೋಡೆ, ಅದಕ್ಕೆ ಒತ್ತುಕೊಟ್ಟ ಒರಗುಗಂಬಗಳು, ಮೇಲೆ ಹೆಂಚಿನ ಬದಲು ಸೀಳಿದ ಕಲ್ಲಿನ ಬಿಲ್ಲೆಗಳು. ಸೂರಿನ ಬಳಿ ದೊಡ್ಡವು, ಮೇಲೇರಿದಂತೆ ಚಿಕ್ಕವು. ಒಳಗೆ ಹೋದರೆ ಲೆಕ್ಕವೇ ಬೇರೆ. ಆ ಭಾರವನ್ನೆಲ್ಲ ಮುಖ್ಯವಾಗಿ ಹೊತ್ತಿರುವುದು ಓಕ್ ಮರ. ಎರಡು ಸಾಲಿನಲ್ಲಿ ಆರಾರು ಕಂಬ, ನಡುವೆ ಏಳು ಅಂಕಣ, ಆಚೀಚೆ ಒಂದೊಂದು ಪಡಸಾಲೆ. ಎರಡು ಕಂಬಜೋಡಿಗಳ ನಡುವೆ, ನೆಲಕ್ಕಿಳಿಯದೆ ಪಕ್ಕದ ಗೋಡೆಯಿಂದಲೇ ಬಾಗಿ ಏರುವ ತೊಲೆಗಳ ಜೋಡಿಯೊಂದು ಮಾಡಿಗೆ ಹೆಗಲು ಕೊಡುತ್ತದೆ. ಹೀಗಾಗಿ ಪ್ರತಿ ಅಂಕಣದ ನೆಲವೂ ಪೂರ್ತಿ ಖಾಲಿ. ಸಿವುಡು ಒಟ್ಟುವವನಿಗೆ ಅಡ್ಡವೇ ಇಲ್ಲ. ಸಂದುಗಳನ್ನು ಕಚ್ಚು ಕೊರೆದು ಸೇರಿಸಿ ಮರದ ಗೂಟ ಬಡಿದು ಬಿಗಿದಿದ್ದಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಂಬದ ಬುಡ. ಆಳೆತ್ತರದ ಕಲ್ಲಿನ ಪೀಠದ ಮೇಲೆ ಕಂಬ ನಿಲ್ಲಿಸಿದ್ದಾರೆ. ನೆಲದ ತೇವ ಮರಕ್ಕೆ ಏರದು, ಬುಡ ಕೊಳೆಯದು, ಗಾಡಿಯ ಗಾಲಿ ತಾಗಿದರೂ ಪೆಟ್ಟು ಕಲ್ಲಿಗೆ. ಅಷ್ಟೆತ್ತರದ ಓಕ್ ದಿಮ್ಮಿಯೂ ಉಳಿತಾಯವಾಯಿತು. ಸುಮಾರು 730 ವರ್ಷ ಈ ಮಾಡು ನಿಂತದ್ದರಲ್ಲಿ ಬಡಗಿಗಿರುವಷ್ಟೇ ಪಾಲು ಈ ಪೀಠ ಕೆತ್ತಿದವನಿಗೂ ಇದೆ.

ಕಣವನ್ನು ಬಯಲಲ್ಲೇ ಕಂಡ ನಮಗೆ ಒಕ್ಕಣೆಗೆ ಇಷ್ಟು ದೊಡ್ಡ ಸೂರು ಯಾಕೆ ಅನ್ನಿಸಬಹುದು. ಮಳೆ ಯಾವಾಗ ಬಂದೀತೆಂದು ಹೇಳಲಾಗದ ನಾಡು ಅದು. ಕೊಯ್ಲಾದ ಗೋಧಿ, ಬಾರ್ಲಿಯನ್ನು ತೆನೆ ಸಮೇತ ಒಳಗೆ ಒಟ್ಟಿ, ಚಳಿಗಾಲವಿಡೀ ಬಡಿದು ಕಾಳು ಬಿಡಿಸುತ್ತಿದ್ದರು. ಉದ್ದನೆಯ ಪಕ್ಕಗಳಲ್ಲಿ ಎದುರುಬದುರಾಗಿ ಇರುವ ಬಾಗಿಲುಗಳನ್ನು ತೆರೆದರೆ ತೂರುವುದಕ್ಕೆ ಗಾಳಿ ಸಿಗುತ್ತಿತ್ತು. ತುದಿಗೋಡೆಗಳ ದೊಡ್ಡ ಬಾಗಿಲು 18ನೇ ಶತಮಾನದವು, ಗಾಡಿಗಳು ದೊಡ್ಡದಾದ ಮೇಲೆ ಬಂದವು.

1538ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಬ್ಯೂಲಿ ಮಠ ಮುಚ್ಚಿತು. ಕಣಜ ಕೈ ಬದಲಾಯಿಸಿತು, ಕೆಲಸ ಬದಲಾಯಿಸಲಿಲ್ಲ. ಕೆಲವೇ ಮೈಲಿ ದೂರದ ಕೆಲ್ಮ್‌ಸ್ಕಾಟ್‌ನಲ್ಲಿ 1871ರಿಂದ ಮನೆ ಮಾಡಿದ್ದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಇದನ್ನು ಕ್ಯಾಥೆಡ್ರಲ್‌ಗೆ ಹೋಲಿಸಿ ಹೊಗಳಿದ. ಹಳೆಯ ಕಟ್ಟಡಗಳನ್ನು ಕೆರೆದು ಹೊಸದು ಮಾಡುವುದರ ವಿರುದ್ಧ 1877ರಲ್ಲಿ ಸಂಘ ಕಟ್ಟಿದವನು ಅವನು. ತಮಾಷೆಯೆಂದರೆ, ಈ ಊರಿನ ಜಮೀನನ್ನು ಹಿಂದೆ ಗುತ್ತಿಗೆ ಹಿಡಿದಿದ್ದವನ ಹೆಸರೂ ವಿಲಿಯಂ ಮಾರಿಸ್. ಚರ್ಚಿನಲ್ಲಿ ಅವನ ಹಿತ್ತಾಳೆ ಫಲಕವಿದೆ.

1956ರಿಂದ ಕಣಜ ಹಳೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿನ ಸುಪರ್ದಿಯಲ್ಲಿದೆ. ಇದೇ ಮಠ ಬ್ಯೂಲಿಯ ಬಳಿ ಸೇಂಟ್ ಲೆನರ್ಡ್ಸ್‌ನಲ್ಲಿ ಇದಕ್ಕಿಂತ ದೊಡ್ಡದೊಂದನ್ನು ಕಟ್ಟಿಸಿತ್ತು. ಅದರ ಮಾಡು ಹೋಗಿ ಗೋಡೆಗಳು ಪಾಳುಬಿದ್ದವು. ಮುಂದೆ ರೈತರು ಆ ಗೋಡೆಗಳ ನಡುವೆಯೇ ತಮ್ಮ ಅಗತ್ಯಕ್ಕೆ ತಕ್ಕ ಚಿಕ್ಕ ಕಣಜವೊಂದನ್ನು ಎಬ್ಬಿಸಿಕೊಂಡರು.